ಅಟ್ಟದ ಮೇಲಿನ ಇತಿಹಾಸ: ಕೆಳದಿ ಗುಂಡಾ ಜೋಯಿಸರು ಕಟ್ಟಿದ ಮ್ಯೂಸಿಯಂ

(ಪಾಡ್‌ಕಾಸ್ಟ್‌ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.)

ಇವತ್ತು ನಾನು ಮಾತಾಡ್ತಿರೋದು ಸ್ಟುಡಿಯೋದಿಂದ ಅಲ್ಲ, ಶಿವಮೊಗ್ಗದ ಕೋಟೆಯಿಂದ. ಒಂದು ಕಡೆ ತುಂಗೆ, ಇನ್ನೊಂದು ಕಡೆ ಶಿವಪ್ಪನಾಯಕನ ಅರಮನೆ. ನಡುನಡುವೆ ಆಟೋ ಹಾರ್ನು, ಆಂಜನೇಯನ ಗುಡಿಯ ಗಂಟೆ ಕೇಳಿಸಿದರೆ ಸ್ವಲ್ಪ ಸಹಿಸಿಕೊಳ್ಳಿ. ನಾನು ಹುಟ್ಟಿ ಬೆಳೆದ ಬೀದಿ ಇದು, ಸದ್ದಿಲ್ಲದೆ ಇದ್ದದ್ದೇ ಇಲ್ಲ.

ಅರಮನೆಯಿಂದಲೇ ಶುರು ಮಾಡ್ತೀನಿ. ನೀವು ಒಳಗೆ ಹೋಗಿದ್ದರೆ ಆ ದಪ್ಪ ದಪ್ಪ ಮರದ ಕಂಬಗಳು, ಕಂಬದಿಂದ ಕಂಬಕ್ಕೆ ಬಾಗಿದ ಕಮಾನು, ಮೇಲಿನ ಅಂತಸ್ತಿನ ಮೊಗಸಾಲೆ ನೆನಪಿರುತ್ತೆ. ಬೇಸಿಗೆಯಲ್ಲೂ ಒಳಗೆ ತಣ್ಣಗೆ. ಸ್ಕೂಲಿನಿಂದ ನಮ್ಮನ್ನು ಸಾಲಾಗಿ ಕರ್ಕೊಂಡು ಬಂದು, ‘ಇದು ಶಿವಪ್ಪನಾಯಕನ ಅರಮನೆ, ಬರ್ಕೊಳ್ಳಿ’ ಅಂತಿದ್ರು. ಬರ್ಕೊಂಡ್ವಿ. ದೊಡ್ಡವನಾದ ಮೇಲೆ ಗೊತ್ತಾಯ್ತು, ಶಿವಪ್ಪನಾಯಕ ಆಳಿದ್ದು 1645ರಿಂದ 1660ರವರೆಗೆ, ಅವನ ರಾಜಧಾನಿ ಬಿದನೂರು, ಅಂದ್ರೆ ಇವತ್ತಿನ ಹೊಸನಗರ ತಾಲ್ಲೂಕಿನ ನಗರ. ನಾವು ನೋಡುವ ಈ ಮರದ ಕಟ್ಟಡವೋ, 18ನೇ ಶತಮಾನದಲ್ಲಿ ಹೈದರಾಲಿ ಕಾಲದಲ್ಲಿ ಆದದ್ದು ಅನ್ನೋದು ಬಲವಾದ ಅಭಿಪ್ರಾಯ. ಹೆಸರು ಒಬ್ಬನದು, ಕಂಬ ಇನ್ನೊಬ್ಬನದು. ಊರಿನವರಿಗೆ ಇದರಿಂದ ಏನೂ ತೊಂದರೆ ಇಲ್ಲ. ನನಗೂ ಇಲ್ಲ ಅನ್ನಿ. ಆದರೆ ಈ ಎರಡನ್ನೂ ಬೇರೆ ಮಾಡಿ ನೋಡೋಕೆ ಒಬ್ಬ ಮನುಷ್ಯ ಬೇಕಲ್ಲ? ಮರ ನೋಡಿ, ಕೆತ್ತನೆ ನೋಡಿ, ಕಾಗದ ಹುಡುಕಿ, ‘ಇದು ಇಂಥ ಕಾಲದ್ದು’ ಅಂತ ಹೇಳೋವ್ರು. ಇವತ್ತಿನ ಮಾತು ಅಂಥವರ ಬಗ್ಗೆ. ವಸ್ತು ಕೂಡಿಡೋವ್ರು, ಕೂಡಿಟ್ಟದ್ದನ್ನು ಓದೋವ್ರು.

ಈಗ ಅಂಗಳಕ್ಕೆ ಬರ್ತೀನಿ. ಇಲ್ಲಿ ಸರ್ಕಾರದ ವಸ್ತುಸಂಗ್ರಹಾಲಯ ಇದೆ. ಹುಲ್ಲಿನ ಮೇಲೆ ವೀರಗಲ್ಲು, ಮಾಸ್ತಿಕಲ್ಲುಗಳನ್ನು ನಿಲ್ಲಿಸಿದ್ದಾರೆ. ವೀರಗಲ್ಲನ್ನು ಕೆಳಗಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಹೋರಾಟ, ಸಾಮಾನ್ಯವಾಗಿ ದನ ಕಾಯಲು ಹೋಗಿಯೋ, ಊರು ಉಳಿಸಲು ಹೋಗಿಯೋ ಸತ್ತದ್ದು. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗೋದು. ಮೇಲೆ ಕೈಲಾಸ, ಲಿಂಗದ ಮುಂದೆ ಅವನು ಕೂತಿರೋದು, ತುದಿಯಲ್ಲಿ ಸೂರ್ಯ ಚಂದ್ರ. ಇಷ್ಟು ಗೊತ್ತಿದ್ದರೆ ಸಾಕು, ಮಲೆನಾಡಿನ ಯಾವ ಹೊಲದ ಬದುವಿನ ಕಲ್ಲನ್ನೂ ಓದಬಹುದು.

ಕಲ್ಲಿನ ವಿಚಾರದಲ್ಲಿ ನಮ್ಮ ಜಿಲ್ಲೆ ಪುಣ್ಯ ಮಾಡಿದೆ. ಬಿ.ಎಲ್. ರೈಸ್ ಅವರು ಮೈಸೂರು ಸಂಸ್ಥಾನದ ಶಾಸನಗಳನ್ನೆಲ್ಲ ಓದಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ತಂದಾಗ ಶಿವಮೊಗ್ಗ ಜಿಲ್ಲೆಗೆ ಒಂದು ಸಂಪುಟ ಸಾಲಲಿಲ್ಲ. 1902ರಲ್ಲಿ 7ನೇ ಸಂಪುಟ, 1904ರಲ್ಲಿ 8ನೇ ಸಂಪುಟ, ಎರಡು ಬೇಕಾಯ್ತು. ಬಳ್ಳಿಗಾವಿ, ತಾಳಗುಂದ, ಹುಂಚ ಎಲ್ಲ ಇರೋ ಜಿಲ್ಲೆ ಇದು. ಕಲ್ಲು, ತಾಮ್ರಪಟ ಎರಡಕ್ಕೂ ಸರ್ಕಾರದ ಇಲಾಖೆ ಇತ್ತು. ಸಂಬಳದ ಪಂಡಿತರಿದ್ದರು. ಎತ್ತಿನ ಗಾಡಿ ಕಟ್ಟಿಕೊಂಡು ಹೋಗಿ ಶಾಸನದ ಪ್ರತಿ ತೆಗೆದುಕೊಂಡು ಬರ್ತಿದ್ರು.

ಆದರೆ ಅಟ್ಟದ ಮೇಲಿನ ಇತಿಹಾಸಕ್ಕೆ ಯಾರಿದ್ದರು?

ಅಟ್ಟ ಅಂದ್ರೆ ನಿಮಗೆ ಗೊತ್ತು. ಮಲೆನಾಡಿನ ಹಳೇ ಮನೆಯಲ್ಲಿ ಅಡಿಕೆ, ಒಡೆದ ಕೊಡ, ಮುರಿದ ತೊಟ್ಟಿಲು, ಎಲ್ಲ ಅಲ್ಲೇ. ಅದರ ನಡುವೆ ಕೆಂಪು ಬಟ್ಟೆಯಲ್ಲಿ ಸುತ್ತಿದ ಓಲೆಗರಿಯ ಕಟ್ಟು. ಆಯುಧಪೂಜೆಯ ಆಸುಪಾಸು ಕೆಳಗಿಳಿಸಿ, ಅರಿಶಿನ ಕುಂಕುಮ ಹಚ್ಚಿ, ಮತ್ತೆ ಮೇಲಕ್ಕೆ. ಬಿಚ್ಚಿ ಓದಿದವರಿಲ್ಲ.

ನಮ್ಮನೆಯಲ್ಲೂ ಒಂದು ಕಟ್ಟು ಇತ್ತು. ಅದರ ಕತೆ ಆಮೇಲೆ ಹೇಳ್ತೀನಿ. ಮೊದಲು ಕೆಳದಿಗೆ ಹೋಗೋಣ.

ಶಿವಮೊಗ್ಗದಿಂದ ಸಾಗರ, ಸಾಗರದಿಂದ ಏಳೆಂಟು ಕಿಲೋಮೀಟರ್ ಕೆಳದಿ. ಈಗ ನೋಡಿದರೆ ಸಣ್ಣ ಹಳ್ಳಿ. 1499ರಲ್ಲಿ ಚೌಡಪ್ಪನಿಂದ ಶುರುವಾಯ್ತು ಅಂತ ಹೇಳುವ ನಾಯಕರ ಮನೆತನದ ಮೂಲಸ್ಥಾನ. ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ ಹೋಯ್ತು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ, ಕತೆ ಮುಗೀತು. ರಾಜ್ಯ ಹೋದ ಮೇಲೆ ರಾಜ್ಯದ ಕಾಗದಪತ್ರ ಏನಾಗುತ್ತೆ? ಒಂದಿಷ್ಟು ಸುಟ್ಟು ಹೋಗುತ್ತೆ, ಒಂದಿಷ್ಟು ಗೆದ್ದವರ ಕಚೇರಿಗೆ ಹೋಗುತ್ತೆ. ಉಳಿದದ್ದು ಶಾನುಭೋಗರ ಮನೆ, ಜೋಯಿಸರ ಮನೆ, ಮಠ, ಗುಡಿಯ ಪೆಟ್ಟಿಗೆಗಳಲ್ಲಿ ಅಡಗಿಕೊಳ್ಳುತ್ತೆ.

ಆ ಊರಿನಲ್ಲಿ, ಅಂಥ ಜೋಯಿಸರ ಮನೆತನದಲ್ಲಿ 1931ರಲ್ಲಿ ಹುಟ್ಟಿದವರು ಗುಂಡಾ ಜೋಯಿಸ್. ಊರನ್ನೇ ಹೆಸರಿನ ಮುಂದೆ ಇಟ್ಟುಕೊಂಡು ‘ಕೆಳದಿ ಗುಂಡಾ ಜೋಯಿಸ್’ ಅಂತಲೇ ಪ್ರಸಿದ್ಧರಾದವರು. 1960ರ ದಶಕದಲ್ಲಿ ಇವರು ಕೆಳದಿಯಲ್ಲಿ ಒಂದು ವಸ್ತುಸಂಗ್ರಹಾಲಯ ಕಟ್ಟಿದರು, ಅದರ ಜೊತೆಗೇ ಒಂದು ಇತಿಹಾಸ ಸಂಶೋಧನಾ ಕೇಂದ್ರ. ಇದನ್ನು ಸ್ವಲ್ಪ ಯೋಚನೆ ಮಾಡಿ. ಜಿಲ್ಲಾ ಕೇಂದ್ರದಲ್ಲಲ್ಲ, ತಾಲ್ಲೂಕು ಕೇಂದ್ರದಲ್ಲೂ ಅಲ್ಲ, ಒಂದು ಹಳ್ಳಿಯಲ್ಲಿ. ಮ್ಯೂಸಿಯಂ ಅಂದ್ರೆ ಮೈಸೂರು, ಬೆಂಗಳೂರು ಅಂತ ಜನ ತಿಳಿದಿದ್ದ ಕಾಲದಲ್ಲಿ.

ಅಲ್ಲಿ ಏನಿದೆ? ಕನ್ನಡ, ಸಂಸ್ಕೃತ, ತಮಿಳು, ತೆಲುಗಿನ ಸುಮಾರು ಸಾವಿರ ಓಲೆ ಮತ್ತು ಕಾಗದದ ಹಸ್ತಪ್ರತಿಗಳು. ಅದಲ್ಲದೆ ತಿಗಳಾರಿ ಲಿಪಿಯ ಸುಮಾರು 400 ಓಲೆಗರಿ ಗ್ರಂಥಗಳು. ವಿಷಯಗಳೋ, ಸಾಹಿತ್ಯ, ಧರ್ಮಶಾಸ್ತ್ರ, ಜ್ಯೋತಿಷ, ವೈದ್ಯ, ಗಣಿತ, ಕಡೆಗೆ ದನಕರುಗಳ ವೈದ್ಯವೂ ಇದೆ. ಕೆಳದಿ ಕಾಲದ ತಾಮ್ರಪಟ, ನಾಣ್ಯ, ಆಯುಧ, ಕಲ್ಲಿನ ಮೂರ್ತಿಗಳು. ಚಾಲುಕ್ಯ, ಹೊಯ್ಸಳ ಕಾಲದ ಶಿಲ್ಪಗಳೂ ಇವೆ. ಇವೆಲ್ಲದರ ಜೊತೆಗೆ ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಸಂಬಂಧಿಸಿದ ಒಂದು ಅಪರೂಪದ ಸಂಗ್ರಹ. ಈ ಕೊನೆಯದನ್ನು ನೆನಪಿಟ್ಟುಕೊಳ್ಳಿ, ಭದ್ರಾವತಿಗೆ ಹೋದಾಗ ಬೇಕಾಗುತ್ತೆ.

ಈ ಪಟ್ಟಿಯಲ್ಲಿ ನನಗೆ ಮುಖ್ಯ ಅನ್ನಿಸೋದು ಆ ತಿಗಳಾರಿ. ತುಂಬಾ ಜನ ಕೇಳಿಯೇ ಇರಲ್ಲ. ಗ್ರಂಥ ಲಿಪಿಯ ಕುಲದಿಂದ ಬಂದದ್ದು, ನೋಡೋಕೆ ಮಲಯಾಳದ ಅಕ್ಷರದ ಹಾಗೆ ದುಂಡು ದುಂಡು. ಕರಾವಳಿ ಮತ್ತು ಮಲೆನಾಡಿನಲ್ಲಿ ಹೆಚ್ಚಾಗಿ ಸಂಸ್ಕೃತ ಬರೆಯೋಕೆ ಬಳಸ್ತಿದ್ರು. ಕೆಳದಿ ಸಂಸ್ಥೆಯವರು ಹಸ್ತಪ್ರತಿ ಸಂಗ್ರಹಕ್ಕೆ ಹೊರಟಾಗ ಈ ಲಿಪಿಯ ಗ್ರಂಥಗಳು ಹೆಚ್ಚಾಗಿ ಸಿಕ್ಕಿದ್ದು ತೀರ್ಥಹಳ್ಳಿ, ಹೊಸನಗರ, ಶೃಂಗೇರಿ, ಉಡುಪಿ, ಕಾಸರಗೋಡು ಕಡೆ. ಘಟ್ಟದ ಮೇಲೆ, ಘಟ್ಟದ ಕೆಳಗೆ, ಇವತ್ತಿನ ಎರಡು ರಾಜ್ಯ, ಒಂದೇ ಅಕ್ಷರ. ಅಚ್ಚಿನ ಮೊಳೆ ಬಂದ ಮೇಲೆ ಸಂಸ್ಕೃತವನ್ನು ಕನ್ನಡ ಅಥವಾ ನಾಗರಿಯಲ್ಲಿ ಓದೋದು ರೂಢಿಯಾಯ್ತು. ಎರಡು ಮೂರು ತಲೆಮಾರಿನಲ್ಲಿ ತಿಗಳಾರಿ ಓದುವವರು ಬೆರಳೆಣಿಕೆಗೆ ಇಳಿದರು. ಹೀಗೆ ಮನೆಯ ಪುಸ್ತಕ ಮನೆಯವರಿಗೇ ಓದಲು ಬರದ ಹಾಗಾಯ್ತು.

ಗುಂಡಾ ಜೋಯಿಸರಿಗೆ ತಿಗಳಾರಿ ಬರ್ತಿತ್ತು. ಮೋಡಿ ಬರ್ತಿತ್ತು. ಮೋಡಿ ಅಂದ್ರೆ ಮರಾಠಿಯ ಓಟದ ಬರವಣಿಗೆ, ಲೇಖನಿ ಎತ್ತದೆ ಬರೆದುಕೊಂಡು ಹೋಗೋದು. ಕೆಳದಿಗೂ ಮೋಡಿಗೂ ಏನು ಸಂಬಂಧ ಅಂತ ಕೇಳಬೇಡಿ. ಶಿವಾಜಿಯ ಮಗ ರಾಜಾರಾಮ 1689ರಲ್ಲಿ ಮೊಘಲರಿಂದ ತಪ್ಪಿಸಿಕೊಂಡು ಬಂದಾಗ ಆಸರೆ ಕೊಟ್ಟವಳು ಕೆಳದಿ ಚೆನ್ನಮ್ಮ. ಆಮೇಲೂ ಈ ಸೀಮೆಗೆ ಮರಾಠರ ವ್ಯವಹಾರ ತಪ್ಪಲಿಲ್ಲ. ಇನ್ನು ಕನ್ನಡದ ಕಡತ. ಇವತ್ತು ‘ಕಡತ’ ಅಂದ್ರೆ ತಾಲ್ಲೂಕು ಕಚೇರಿಯಲ್ಲಿ ಮುಂದಕ್ಕೆ ಹೋಗದೆ ಕೂತಿರೋ ಫೈಲು. ನಿಜವಾದ ಕಡತ ಅಂದ್ರೆ ಬಟ್ಟೆ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಹಲಗೆಯ ಹಾಗೆ ಮಾಡಿ, ಬೀಸಣಿಗೆ ಹಾಗೆ ಮಡಿಸಿ, ಬಳಪದಲ್ಲಿ ಬರೀತಿದ್ರು. ಲೆಕ್ಕ ಪತ್ರಕ್ಕೆ ಅದು ಬಹಳ ಅನುಕೂಲ. ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ರಾಶಿ ಉಳಿದಿದೆ.

ಲೆಕ್ಕ ಪತ್ರ ಅಂದಾಗ ನಿಮಗೆ ಬೇಜಾರಾಗಬಹುದು. ಸ್ವಲ್ಪ ಕೇಳಿ. ನಮ್ಮ ಶಿವಪ್ಪನಾಯಕನನ್ನು ‘ಶಿಸ್ತಿನ ಶಿವಪ್ಪನಾಯಕ’ ಅಂತಾರೆ. ಸ್ಕೂಲಿನಲ್ಲಿ ನಾನು, ಪಾಪ, ಅವನು ತುಂಬಾ ಸ್ಟ್ರಿಕ್ಟು ಅಂತ ಅಂದ್ಕೊಂಡಿದ್ದೆ. ಈ ಶಿಸ್ತು ಅಂದ್ರೆ ಕಂದಾಯ. ರೈಸ್ ಅವರ ಗೆಜೆಟಿಯರ್ ಬರೆಯೋ ಪ್ರಕಾರ, ಅವನು ಹಳ್ಳಿ ಹಳ್ಳಿಯಲ್ಲಿ ಪ್ರತಿಯೊಂದು ಬಗೆಯ ಒಂದೊಂದು ಹೊಲವನ್ನು ತನ್ನ ಖರ್ಚಿನಲ್ಲೇ 12 ವರ್ಷ ಸಾಗುವಳಿ ಮಾಡಿಸಿದ. ಬಿತ್ತಿದ್ದೆಷ್ಟು, ಬೆಳೆದದ್ದೆಷ್ಟು, ಬೆಲೆ ಎಷ್ಟು ಅಂತ ಬರೆಸಿದ. ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮ ಅಂತ ಭೂಮಿಯನ್ನು ಐದು ತರ ಮಾಡಿದ. ಆಮೇಲೆ ಕಂದಾಯ ನಿಗದಿ ಮಾಡಿದ. ಇಂಥ ಆಡಳಿತ ಬರೀ ಬಾಯಿ ಮಾತಲ್ಲಿ ನಡೆಯೋದಲ್ಲ. ಊರಿಗೊಬ್ಬ ಬರೆಯೋನು ಬೇಕು, ಬರೆದದ್ದನ್ನು ಇಡೋಕೆ ಪೆಟ್ಟಿಗೆ ಬೇಕು. ಯಾವುದೋ ಶಾನುಭೋಗರ ಅಟ್ಟದಲ್ಲಿ ಸಿಕ್ಕ ಒಂದು ಮಸಿ ಹಿಡಿದ ಕಡತ, ಒಂದು ಹಳ್ಳಿಯ ಗದ್ದೆಗಳ ಹೆಸರು ಹೇಳಿದರೂ ಅದು ಇತಿಹಾಸಕಾರನಿಗೆ ಚಿನ್ನ. ಗುಜರಿಯವನಿಗೆ ಅದು ಚಿಂದಿ ಬಟ್ಟೆ.

ಸಂಗ್ರಹಕಾರನ ಕಷ್ಟ ಇರೋದು ಇಲ್ಲೇ. ಕಲ್ಲಿನ ಶಾಸನ ಬಯಲಲ್ಲಿ ನಿಂತಿರುತ್ತೆ, ಯಾರ ಅಪ್ಪಣೆಯೂ ಬೇಡ. ಅಟ್ಟದ ಗ್ರಂಥಕ್ಕೆ ಮನೆಯ ಯಜಮಾನನ ಮನಸ್ಸು ಒಲಿಯಬೇಕು. ಯಾಕೆ ಕೇಳ್ತಿದ್ದಾನೆ, ಮಾರಿಕೊಳ್ಳೋಕಾ? ಹಳೇ ಆಸ್ತಿಪತ್ರ ಹೊರಗೆ ಬಂದರೆ ದಾಯಾದಿಗಳು ಕೋರ್ಟಿಗೆ ಹೋದರೆ? ಗ್ರಂಥ ಮನೆ ಬಿಟ್ಟರೆ ಸರಸ್ವತಿ ಹೋದ ಹಾಗಲ್ವಾ? ಈ ಮೂರು ಭಯಕ್ಕೂ ಉತ್ತರ ಕೊಡಬೇಕು. ಹೊರಗಿನ ಊರಿನ ಪ್ರೊಫೆಸರ್ ಕಾರಿನಲ್ಲಿ ಬಂದು ಕೇಳಿದರೆ ಒಂದು ಲೋಟ ಕಾಫಿ ಸಿಗುತ್ತೆ, ಗ್ರಂಥ ಸಿಗಲ್ಲ. ಅಲ್ಲೇ ಹುಟ್ಟಿದವರು, ‘ನಿಮ್ಮ ಅಜ್ಜನೂ ನಮ್ಮ ಅಜ್ಜನೂ’ ಅಂತ ಮಾತು ತೆಗೆಯಬಲ್ಲವರು ಕೇಳಿದರೆ ಬೇರೆ. ಗುಂಡಾ ಜೋಯಿಸರ ದೊಡ್ಡ ಬಂಡವಾಳ ಇದೇ ಇರಬೇಕು ಅಂತ ನನ್ನ ಅನಿಸಿಕೆ.

ತಂದ ಮೇಲೂ ಕೆಲಸ ಮುಗಿಯಲ್ಲ. ಓಲೆಗರಿಯ ಧೂಳನ್ನು ಮೆತ್ತನೆ ಬ್ರಷ್ಷಿನಿಂದ ತೆಗೀಬೇಕು. ಒಣಗಿ ಸೆಟೆದಿದ್ದರೆ ಮಜ್ಜಿಗೆಹುಲ್ಲಿನ ಎಣ್ಣೆ ಸವರಬೇಕು. ಕಂಠದಿಂದ ಕೊರೆದ ಅಕ್ಷರ ಮಾಸಿದ್ದರೆ ದೀಪದ ಕಪ್ಪನ್ನು ತಿಕ್ಕಿ ಒರೆಸಬೇಕು, ಆಗ ಗೀರಿನೊಳಗೆ ಕಪ್ಪು ಕೂತು ಅಕ್ಷರ ಎದ್ದು ಬರುತ್ತೆ. ನೋಡೋಕೆ ಪವಾಡದ ಹಾಗೇ ಇರುತ್ತೆ. ಆಮೇಲೆ ಎಲೆ ಎಣಿಸಬೇಕು, ಕ್ರಮಕ್ಕೆ ಹಾಕಬೇಕು, ಗ್ರಂಥ ಯಾವುದು ಅಂತ ಗುರುತಿಸಬೇಕು, ಪಟ್ಟಿ ಬರೀಬೇಕು. ಪಟ್ಟಿ ಇಲ್ಲದ ಸಂಗ್ರಹ ಇನ್ನೊಂದು ಅಟ್ಟ, ಅಷ್ಟೇ.

ಈ ದುಡಿಮೆಗೆ ಏನು ಬೆಲೆ ಅಂತ ಕೇಳಿದರೆ ಒಂದು ಹಳೇ ಉದಾಹರಣೆ ಇದೆ. 1905ರ ಹೊತ್ತಿಗೆ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಒಬ್ಬ ಪಂಡಿತರು ಓಲೆಗರಿಯ ಕಟ್ಟು ತಂದುಕೊಟ್ಟರು. ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ಅದನ್ನು ಓದಿದಾಗ ಗೊತ್ತಾಗಿದ್ದು, ಅದು ಕೌಟಿಲ್ಯನ ಅರ್ಥಶಾಸ್ತ್ರ. ಹೆಸರು ಮಾತ್ರ ಉಳಿದು ಗ್ರಂಥವೇ ಕಳೆದುಹೋಗಿದೆ ಅಂತ ಜಗತ್ತು ಅಂದ್ಕೊಂಡಿದ್ದ ಪುಸ್ತಕ. ಇದೇ ಶಾಮಶಾಸ್ತ್ರಿಗಳು 1921ರಲ್ಲಿ ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ವನ್ನೂ ಸಂಪಾದಿಸಿ ಕೊಟ್ಟರು. ಅದಿಲ್ಲದಿದ್ದರೆ ಕೆಳದಿ ಅರಸರ ಕ್ರಮಬದ್ಧ ಕತೆ ನಮಗೆ ಇಷ್ಟು ಸಿಗ್ತಿರಲಿಲ್ಲ. ಆ ಕಟ್ಟು ತಂಜಾವೂರಿನ ಅಟ್ಟದಲ್ಲೇ ಇನ್ನೊಂದು ಮಳೆಗಾಲ ಉಳಿದಿದ್ದರೆ? ಗೆದ್ದಲಿಗೆ ಕೌಟಿಲ್ಯನೂ ಒಂದೇ, ಪಂಚಾಂಗವೂ ಒಂದೇ.

ಇನ್ನೊಂದು ವಸ್ತು, ನಾಣ್ಯ. ಕೆಳದಿಯವರ ಚಿನ್ನದ ವರಹ, ಜನ ‘ಇಕ್ಕೇರಿ ವರಹ’ ಅಂತಿದ್ರು. ಒಂದು ಬದಿಯಲ್ಲಿ ಶಿವ ಪಾರ್ವತಿ, ಇನ್ನೊಂದು ಬದಿಯಲ್ಲಿ ನಾಗರಿಯಲ್ಲಿ ‘ಶ್ರೀ ಸದಾಶಿವ’. ಹೈದರಾಲಿ ಬಿದನೂರು ಗೆದ್ದ ಮೇಲೆ ತನ್ನದೇ ನಾಣ್ಯ ಹೊಡೆಸಿದ. ಶಿವ ಪಾರ್ವತಿಯನ್ನು ಹಾಗೇ ಬಿಟ್ಟ, ಹಿಂಬದಿಯಲ್ಲಿ ಮಾತ್ರ ತನ್ನ ಹೆಸರಿನ ಮೊದಲ ಫಾರ್ಸಿ ಅಕ್ಷರ ಹಾಕಿಸಿದ. ಯಾಕಂದ್ರೆ ಪೇಟೆಯಲ್ಲಿ ಜನ ನಂಬುತ್ತಿದ್ದ ನಾಣ್ಯ ಅದು. ಮೆಣಸು, ಅಡಿಕೆ, ಅಕ್ಕಿಯ ವ್ಯಾಪಾರ ಆ ಮುದ್ರೆ ನೋಡಿ ನಡೀತಿತ್ತು. ಈ ಎರಡೂ ನಾಣ್ಯವನ್ನು ಪಕ್ಕ ಪಕ್ಕ ಇಟ್ಟು ನೋಡಿದರೆ ಒಂದು ಅಧ್ಯಾಯ ಓದಿದ ಹಾಗೆ. ಪಕ್ಕ ಪಕ್ಕ ಇಡೋ ಕೆಲಸವೇ ಮ್ಯೂಸಿಯಂ ಮಾಡೋದು. ನಾಣ್ಯದ ವಿಷಯದಲ್ಲಿ ನಮ್ಮೂರಿನ ಎಚ್. ಖಂಡೋಬರಾವ್ ಅವರನ್ನೂ ನೆನೆಯಬೇಕು. ಲಕ್ಕಿನಕೊಪ್ಪದ ಹತ್ತಿರ ‘ಅಮೂಲ್ಯ ಶೋಧ’ ಅಂತ ಸಂಗ್ರಹಾಲಯ ಮಾಡಿದವರು. ಅವರ ಬಗ್ಗೆ ಬೇರೆಯದೇ ಸಂಚಿಕೆ ಮಾಡ್ಬೇಕು.

ಈಗ ಒಂದು ತಕರಾರಿನ ಪ್ರಶ್ನೆ. ಕೂಡಿಟ್ಟ ವಸ್ತು ಎಲ್ಲಿರಬೇಕು?

ಆನಂದ ಕುಮಾರಸ್ವಾಮಿಯವರ ಹೆಸರು ಕೇಳಿರ್ತೀರಿ. ಸಿಂಹಳದಲ್ಲಿ ಹುಟ್ಟಿದವರು, ಓದಿದ್ದು ಭೂವಿಜ್ಞಾನ. ಕಲ್ಲು ಹುಡುಕೋಕೆ ಹೋಗಿ ಕಲೆಗೆ ಸಿಕ್ಕಿಬಿದ್ದವರು. ಭಾರತದಲ್ಲಿ ಸುತ್ತಿ ರಜಪೂತ ಚಿತ್ರಗಳು, ಶಿಲ್ಪಗಳನ್ನು ಕೂಡಿಸಿದರು. ಬನಾರಸಿನಲ್ಲಿ ಇದಕ್ಕೊಂದು ರಾಷ್ಟ್ರೀಯ ಸಂಗ್ರಹಾಲಯ ಆಗಲಿ ಅಂತ ಆಸೆಪಟ್ಟರು. ಯಾರೂ ಮುಂದೆ ಬರಲಿಲ್ಲ. 1917ರಲ್ಲಿ ಸಂಗ್ರಹವೂ ಅಮೆರಿಕದ ಬಾಸ್ಟನ್ ಮ್ಯೂಸಿಯಂಗೆ ಹೋಯ್ತು, ಅದರ ಹಿಂದೆ ಅವರೂ ಹೋದರು. 1947ರಲ್ಲಿ ತೀರಿಕೊಳ್ಳೋವರೆಗೂ ಅಲ್ಲೇ. ಭಾರತದ ಕಲೆ ಅಂದ್ರೇನು ಅಂತ ಜಗತ್ತಿಗೆ ಹೇಳಿದ ಪುಸ್ತಕಗಳು ಅಲ್ಲಿಂದ ಬಂದವು. ಲಾಭವೋ ನಷ್ಟವೋ ನೀವೇ ಹೇಳಿ. ಚಿತ್ರಗಳು ಉಳಿದವು, ನಿಜ. ಬನಾರಸಿನ ಹುಡುಗ ನೋಡಬೇಕಾದರೆ ವೀಸಾ ತಗೋಬೇಕು.

ಹತ್ತಿರದ್ದೇ ನೋಡೋಣ. ಮಣಿಪಾಲದ ವಿಜಯನಾಥ ಶೆಣೈ. ಬ್ಯಾಂಕ್ ನೌಕರಿಯಲ್ಲಿದ್ದುಕೊಂಡು ಹಳೇ ಮನೆಗಳ ಹುಚ್ಚು ಹತ್ತಿಸಿಕೊಂಡವರು. ಕೆಡವುತ್ತಿದ್ದ ಮನೆಗಳ ಕಂಬ, ಬಾಗಿಲು, ತೊಲೆ ಬಿಡಿಬಿಡಿಯಾಗಿ ತಂದು, ನಂಬರ್ ಹಾಕಿ, ಮತ್ತೆ ಜೋಡಿಸಿದರು. ಕುಂಜೂರು ಚೌಕಿಮನೆ, ಮುಧೋಳದ ಅರಮನೆಯ ದರ್ಬಾರ್ ಹಾಲ್, ಕುಕನೂರಿನ ಕಮಲ ಮಹಲ್, ಎಲ್ಲ ಈಗ ಮಣಿಪಾಲದ ಹೆರಿಟೇಜ್ ವಿಲೇಜಿನಲ್ಲಿವೆ. 2017ರಲ್ಲಿ ಶೆಣೈ ತೀರಿಕೊಂಡರು. ಅಲ್ಲಿ ಹೋದವನು ಬಾಯಿ ಬಿಟ್ಟುಕೊಂಡು ನೋಡ್ತಾನೆ, ನಾನೂ ನೋಡಿದೀನಿ. ಆದರೆ ಮುಧೋಳದವನಿಗೆ ಹೇಗನ್ನಿಸುತ್ತೆ? ಬಿಟ್ಟಿದ್ದರೆ ಸೌದೆ ಆಗಿಹೋಗ್ತಿತ್ತು, ಅದೂ ಸತ್ಯ.

ಮೈಸೂರಿನ ಜಾನಪದ ವಸ್ತುಸಂಗ್ರಹಾಲಯವೂ ಹೀಗೇ. ಹಿರಿಯೂರು ಸೀಮೆಯಿಂದ ಬಂದ ಚಿತ್ರ ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಅವರು ಕರ್ನಾಟಕವೆಲ್ಲ ಸುತ್ತಿ ಕೊಳಗ, ದೀಪ, ತೊಗಲುಗೊಂಬೆ, ಸೋಮನ ಮುಖವಾಡ ತಂದು ಜಯಲಕ್ಷ್ಮಿ ವಿಲಾಸದಲ್ಲಿ ತುಂಬಿಸಿದರು. 1968ರಿಂದ ಅದು ಮೈಸೂರು ವಿಶ್ವವಿದ್ಯಾಲಯದ ಆಸ್ತಿ. ಚಿತ್ರಕಾರನ ಕಣ್ಣಿಲ್ಲದಿದ್ದರೆ ಅಕ್ಕಿ ಅಳೆಯುವ ಸೇರಿನಲ್ಲಿ ಕಲೆ ಇದೆ ಅಂತ ಯಾರಿಗೆ ಹೊಳೀತಿತ್ತು?

ಈ ಮೂವರ ಪಕ್ಕದಲ್ಲಿ ಗುಂಡಾ ಜೋಯಿಸರು ಬೇರೆಯಾಗಿ ಕಾಣ್ತಾರೆ. ವಸ್ತುವನ್ನು ಅದರ ಊರಿನಿಂದ ದೂರ ಒಯ್ಯಲಿಲ್ಲ. ಕೆಳದಿಯ ಸಂಗ್ರಹ ನೋಡಿ ಹೊರಗೆ ಬಂದರೆ ಕೂಗಳತೆಯಲ್ಲಿ ರಾಮೇಶ್ವರ, ವೀರಭದ್ರ ಗುಡಿಗಳು. ತಲೆ ಎತ್ತಿದರೆ ಚಾವಣಿಯಲ್ಲಿ ಗಂಡಭೇರುಂಡ. ಸಾಗರದ ಆ ಬದಿಗೆ ಇಕ್ಕೇರಿಯ ಅಘೋರೇಶ್ವರ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಘಟ್ಟ ಹತ್ತಿ ಇಕ್ಕೇರಿಗೆ ಬಂದಿದ್ದ. ದಾರಿಯಲ್ಲಿ ಗುಡಿಯ ಜಗಲಿ ಮೇಲೆ ಹುಡುಗರು ಮರಳು ಹರವಿ, ಬೆರಳಿನಿಂದ ಬರೆದು, ರಾಗವಾಗಿ ಹೇಳ್ತಾ ಲೆಕ್ಕ ಕಲಿಯೋದನ್ನು ನೋಡಿದ. ಕಾಗದ ಖರ್ಚಾಗಬಾರದು ಅಂತ ಮರಳು. ಬರೀತಿದ್ರು, ಅಳಿಸ್ತಿದ್ರು, ಮತ್ತೆ ಬರೀತಿದ್ರು. ಅದು ಓದಿದಾಗಿನಿಂದ ನನಗೆ ಓಲೆಗರಿ ನೋಡಿದಾಗಲೆಲ್ಲ ಆ ಹುಡುಗರ ನೆನಪು. ಮರಳಿನ ಮೇಲೆ ಬರೆದದ್ದು ಅಳಿಸಲಿಕ್ಕೆ, ಓಲೆಯ ಮೇಲೆ ಕೊರೆದದ್ದು ಉಳಿಸಲಿಕ್ಕೆ.

ಒಂದು ಮಾತು ನಿಷ್ಠುರವಾಗಿ ಹೇಳ್ಬೇಕು. ಹಳ್ಳಿಯಲ್ಲಿ ಇಡೋದರಲ್ಲಿ ಅಪಾಯವೂ ಇದೆ. ಸಂಗ್ರಹ ಒಬ್ಬ ಮನುಷ್ಯನ ಮೇಲೆ ನಿಂತಿರುತ್ತೆ. ಆ ಮನುಷ್ಯನಿಗೆ ವಯಸ್ಸಾಗುತ್ತೆ. ಮಲೆನಾಡಿನ ಮಳೆ ಮಾತ್ರ ಪ್ರತಿವರ್ಷ ಜೂನ್‌ಗೆ ಹೊಸದಾಗಿ ಬರುತ್ತೆ. ಕೆಳದಿಯ ವಿಷಯದಲ್ಲಿ ಎರಡು ಒಳ್ಳೇದಾಯ್ತು. ಮಗ ವೆಂಕಟೇಶ ಜೋಯಿಸರು ಅದೇ ಲಿಪಿ, ಅದೇ ದಾರಿ ಹಿಡಿದರು. ಸಂಗ್ರಹಾಲಯ ಕುವೆಂಪು ವಿಶ್ವವಿದ್ಯಾಲಯದ ಆಡಳಿತಕ್ಕೆ ಬಂತು. 1987ರಲ್ಲಿ ಶುರುವಾದ ವಿಶ್ವವಿದ್ಯಾಲಯ ಅದು, ಶಂಕರಘಟ್ಟದಲ್ಲಿದೆ, ಅಂದ್ರೆ ಭದ್ರಾವತಿ ತಾಲ್ಲೂಕು.

ಭದ್ರಾವತಿ ಅಂದೆ, ಆ ವಿಶ್ವೇಶ್ವರಯ್ಯನವರ ಸಂಗ್ರಹ ನೆನಪಾಯ್ತಾ? ಹಳೇ ಬೆಂಕಿಪುರದಲ್ಲಿ 13ನೇ ಶತಮಾನದ ಲಕ್ಷ್ಮೀನರಸಿಂಹ ಗುಡಿ ಇದೆ, ಹೊಯ್ಸಳರದ್ದು, ಅದಕ್ಕೆ ಇಲಾಖೆ ಇದೆ. 1923ರಲ್ಲಿ ಕಬ್ಬಿಣ ಕರಗಿಸೋಕೆ ಶುರು ಮಾಡಿದ ಕಾರ್ಖಾನೆ ಇದೆ, ಮುಳುಗ್ತಿದ್ದ ಅದನ್ನು ದಡ ಹತ್ತಿಸಿದವರು ವಿಶ್ವೇಶ್ವರಯ್ಯ. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನ ಬಂತು, ಊರಿಗೆ ಊರೇ ಬೀದಿಗಿಳೀತು. ಕಾರ್ಖಾನೆ ಇರಬೇಕೋ ಬೇಡವೋ ನಾನಿಲ್ಲಿ ಚರ್ಚೆ ಮಾಡಲ್ಲ. ನನ್ನ ಪ್ರಶ್ನೆ ಸಣ್ಣದು. ನೂರು ವರ್ಷ ಮೂರು ತಲೆಮಾರು ದುಡಿದವರ ಮನೆಯ ಅಟ್ಟದಲ್ಲಿ ಹಾಜರಿ ಚೀಟಿ, ಗುಂಪು ಫೋಟೋ, ಹಿತ್ತಾಳೆ ಬಿಲ್ಲೆ, ಅಚ್ಚು ಹೊಯ್ಯುವ ಮರದ ಮಾದರಿ ಇರುತ್ತಲ್ಲ, ಅದನ್ನು ಮನೆ ಮನೆಗೆ ಹೋಗಿ ಕೇಳೋವ್ರು ಯಾರು? ಕೆಳದಿ ನಾಯಕರ ಕಡತ ಒಂದು ಕಾಲಕ್ಕೆ ಬರೀ ಆಫೀಸಿನ ಕಾಗದವೇ ಆಗಿತ್ತು. ಅದಕ್ಕೆ ಬೆಲೆ ಬಂದದ್ದು ಆಮೇಲೆ, ಮುಕ್ಕಾಲು ಪಾಲು ಹೋದ ಮೇಲೆ.

ಕಾನೂನಿನದ್ದೂ ಒಂದು ಮಾತು, ಯಾಕಂದ್ರೆ ಕೇಳುಗರು ಪ್ರತಿಸಲ ಕೇಳ್ತಾರೆ. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ, ನಾಣ್ಯ ಇಂಥವು ಪ್ರಾಚ್ಯವಸ್ತು. ಇತಿಹಾಸ, ಸಾಹಿತ್ಯದ ದೃಷ್ಟಿಯಿಂದ ಬೆಲೆ ಇರುವ ಹಸ್ತಪ್ರತಿಗೆ 75 ವರ್ಷ ಸಾಕು. ದೇಶದಿಂದ ಹೊರಗೆ ಸಾಗಿಸುವ ಹಾಗಿಲ್ಲ, ವ್ಯಾಪಾರಕ್ಕೆ ಪರವಾನಗಿ ಬೇಕು. ಮನೆಯ ಗ್ರಂಥ ಮನೆಯಲ್ಲಿಟ್ಟುಕೊಂಡರೆ ಪೊಲೀಸರು ಬರ್ತಾರೆ ಅನ್ನೋ ಹೆದರಿಕೆ ಬೇಡ. ಆ ಹೆದರಿಕೆಯಿಂದಲೇ ಎಷ್ಟೋ ಜನ ಹೊಳೆಗೆ ಬಿಟ್ಟುಬಿಡ್ತಾರೆ.

ಹೊಳೆ ಅಂದಾಗ, ನಮ್ಮನೆ ಕತೆ ಹೇಳ್ತೀನಿ ಅಂದಿದ್ದೆ.

ಅಜ್ಜ ಹೋದ ಮೇಲೆ ಕೋಟೆಯ ನಮ್ಮ ಹಳೇ ಮನೆ ಪಾಲಾಯ್ತು. ಅಟ್ಟ ಖಾಲಿ ಮಾಡಿದರು. ತಾಮ್ರದ ಹಂಡೆ, ಹಿತ್ತಾಳೆ ಕೊಳಗ ಗುಜರಿಗೆ ತೂಕಕ್ಕೆ ಹೋಯ್ತು. ಗ್ರಂಥದ ಕಟ್ಟು ಉಳೀತು. ಮೂರು ಕಟ್ಟು ಅಂತ ನನ್ನ ನೆನಪು, ನಮ್ಮಕ್ಕ ಎರಡೇ ಅಂತಾಳೆ. ಬಿಚ್ಚಿ ನೋಡಿದರೆ ದುಂಡಗಿನ ಅಕ್ಷರ. ‘ಇದು ಮಲಯಾಳ, ಯಾರೋ ಮಂತ್ರವಾದಿಯ ಹತ್ತಿರದ್ದು ಇರಬೇಕು, ಮನೆಯಲ್ಲಿಟ್ಕೊಳ್ಳೋದು ಬೇಡ’ ಅಂದರು ದೊಡ್ಡಪ್ಪ. ಅಜ್ಜಿ ಒಂದು ಮಾತಾಡಲಿಲ್ಲ. ಸಂಕ್ರಾಂತಿ ದಿನ ಅರಿಶಿನ ಕುಂಕುಮ ಹಾಕಿ, ಇಲ್ಲೇ, ಈ ಮೆಟ್ಟಿಲ ಕೆಳಗೆ ತುಂಗೆಗೆ ಬಿಟ್ಟರು. ದೊಡ್ಡಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಗುಜರಿಗೆ ಹಾಕಲಿಲ್ಲ ನೋಡಿ, ಹೊಳೆಗೆ ಬಿಟ್ಟರು. ಅವರಿಗೆ ಗೊತ್ತಿದ್ದ ಮರ್ಯಾದೆ ಅದು. ನನಗಾಗ ಒಂಬತ್ತು ವರ್ಷ. ಕಟ್ಟಿನಿಂದ ಜಾರಿದ ಒಂದು ಎಲೆಯನ್ನು ಚಡ್ಡಿ ಜೇಬಿಗೆ ತುರುಕೋಕೆ ಹೋದೆ, ಉದ್ದ ಇತ್ತು, ಅಂಗಿ ಒಳಗೆ ಬಚ್ಚಿಟ್ಕೊಂಡೆ. ವರ್ಷಗಟ್ಟಲೆ ಪುಸ್ತಕದಲ್ಲಿ ಗುರುತಿಗೆ ಇಟ್ಕೊಳ್ತಿದ್ದೆ.

ಇಪ್ಪತ್ತು ವರ್ಷ ಆದ ಮೇಲೆ ಕೆಳದಿಗೆ ಹೋದಾಗ ಗಾಜಿನ ಕೆಳಗೆ ಅದೇ ದುಂಡಗಿನ ಅಕ್ಷರ ಕಂಡಿತು. ಚೀಟಿ ಓದಿದೆ: ತಿಗಳಾರಿ. ಸ್ವಲ್ಪ ಹೊತ್ತು ಅಲ್ಲೇ ನಿಂತೆ.

ಆಮೇಲೆ ಲಿಪಿ ಬಲ್ಲ ಒಬ್ಬ ಹಿರಿಯರಿಗೆ ನನ್ನ ಎಲೆ ತೋರಿಸಿದೆ. ಕನ್ನಡಕ ಸರಿ ಮಾಡಿಕೊಂಡು, ಎಲೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನಿಧಾನವಾಗಿ ಓದಿದರು. ಮಂತ್ರವಾದ ಗಿಂತ್ರವಾದ ಏನೂ ಇಲ್ಲ. ಸಂಸ್ಕೃತ, ಧರ್ಮಶಾಸ್ತ್ರ, ಶ್ರಾದ್ಧದ ತಿಥಿ ನಿರ್ಣಯದ ಭಾಗ. ‘ಇದು ಬಹಳ ಕಡೆ ಸಿಗುವಂಥದ್ದೇ, ಅಪರೂಪ ಏನಲ್ಲ’ ಅಂದರು. ನನಗೆ ಸಮಾಧಾನ ಆಯ್ತೋ ನಿರಾಸೆ ಆಯ್ತೋ ಗೊತ್ತಾಗಲಿಲ್ಲ. ಆಮೇಲೆ ಎಡಗಡೆ ಅಂಚಿನ ಒಂದು ಸಣ್ಣ ಗುರುತಿನ ಮೇಲೆ ಬೆರಳಿಟ್ಟು ಕೇಳಿದರು, ‘ಇದೇನು ಗೊತ್ತಾ? ಎಲೆಯ ಸಂಖ್ಯೆ. 47. ಇದರ ಹಿಂದಿನ 46 ಎಲ್ಲಿ?’

ನಾನು ಹೇಳಿದೆ.

ಅವರು ಏನೂ ಅನ್ನಲಿಲ್ಲ. ಎಲೆಯನ್ನು ಎರಡು ರಟ್ಟಿನ ನಡುವೆ ಇಟ್ಟು, ಹತ್ತಿಯ ದಾರ ಕಟ್ಟಿ, ಪುಸ್ತಕದೊಳಗೆ ಇಡಬೇಡ, ಬಜೆ ಬೇರಿನ ಪುಡಿ ಗಂಟು ಕಟ್ಟಿ ಪಕ್ಕದಲ್ಲಿಡು ಅಂತ ಹೇಳಿ ವಾಪಸ್ ಕೊಟ್ಟರು.

ಮುಂದಿನ ಸಂಚಿಕೆ ಖಂಡೋಬರಾವ್ ಅವರ ನಾಣ್ಯಗಳ ಬಗ್ಗೆ. ನಿಮ್ಮನೆ ಅಟ್ಟದಲ್ಲೂ ಓದಲು ಬರದ ಕಟ್ಟು ಏನಾದರೂ ಇದ್ದರೆ ಒಂದು ಎಲೆಯ ಫೋಟೋ ತೆಗೆದು, ಎಡಗಡೆ ಅಂಚು ಕಾಣೋ ಹಾಗೆ, ನಮಗೆ ಕಳಿಸಿ. ಓದಬಲ್ಲವರಿಗೆ ತೋರಿಸುವ ಜವಾಬ್ದಾರಿ ನಂದು.